ಲೀವಿಯಾಳ ಮಣಿಕಟ್ಟು, ಇನ್ನೊಬ್ಬಳ ಪಾದ

ಟೆನಿಸ್ ಆಟಗಾರರ ಫಿಸಿಯೊ ಆಗಬೇಕೆಂದಿದ್ದೇನೆ ಅಂತ ಗೆಳತಿಯ ಮಗಳು ಮೇಘನಾ ಫೋನಿನಲ್ಲಿ ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ನಿನಗೆ ಸುಮ್ಮನೆ ಕೂತಿರೋಕೆ ಬರುತ್ತೇನಮ್ಮಾ?"

"ಐ ಥಿಂಕ್ ಸೋ, ಆಂಟಿ," ಎಂದಳು.

ನನಗಂತೂ ಕೊನೆಯವರೆಗೂ ಬರಲಿಲ್ಲ. ಕೋರ್ಟಿನ ಬಾಗಿಲ ಬಳಿ ಒಂದು ಮಡಚುವ ಕುರ್ಚಿ. ತೊಡೆಯ ಮೇಲೆ ಚೀಲ. ಎದುರಿಗೆ ಇಬ್ಬರು ಹುಡುಗಿಯರು ಓಡುತ್ತಾರೆ, ಜಾರುತ್ತಾರೆ, ಕಿರುಚುತ್ತಾರೆ. ಯಾರಿಗೂ ಏನೂ ಆಗದಿದ್ದರೆ ನೀವು ಇಡೀ ದಿನ ಏನೂ ಮಾಡದೆ ಮನೆಗೆ ಹೋಗುತ್ತೀರಿ. ಏನಾದರೂ ಆದರೆ ನಿಮಗೆ ಸಿಗುವುದು ಮೂರು ನಿಮಿಷ, ಅದೂ ಎಲ್ಲರ ಕಣ್ಣೆದುರಿಗೆ. ಇವೆರಡರ ನಡುವೆ ಮೈ ಒಂದು ಕಡೆ ನಿಲ್ಲುವುದಿಲ್ಲ. ನಾನು ಕತ್ತರಿಯನ್ನು ತೆಗೆದು ನೋಡಿ ಒಳಗಿಡುತ್ತಿದ್ದೆ, ಮತ್ತೆ ತೆಗೆಯುತ್ತಿದ್ದೆ. ಕಾಲೇಜಿನಲ್ಲಿ ಸ್ನಾಯುಗಳ ಹೆಸರು ಕಲಿಸುತ್ತಾರೆ, ಇದನ್ನು ಕಲಿಸುವುದಿಲ್ಲ. ಮೇಘನಾಳಂಥವರಿಗೆ ಇರಲಿ ಅಂತ ಬರೆಯುತ್ತಿದ್ದೇನೆ.

ನಾನು ನಸೀಮಾ, ದಾವಣಗೆರೆಯವಳು. ತೊಂಬತ್ತರ ದಶಕದ ಕೊನೆಯಲ್ಲಿ ಗಂಡ ಇಕ್ಬಾಲ್ ಜೊತೆ ಶಿಕಾಗೊ ಪಕ್ಕದ ಲೊಂಬಾರ್ಡ್‌ಗೆ ಬಂದೆ. ಇಲ್ಲಿಯ ಪರೀಕ್ಷೆಗಳನ್ನು ಮತ್ತೆ ಬರೆದು ಆಸ್ಪತ್ರೆಯೊಂದರಲ್ಲಿ ಸೇರಿಕೊಂಡೆ. ಸೊಂಟದ ಆಪರೇಷನ್ ಆದ ವಯಸ್ಸಾದವರನ್ನು ಕಾರಿಡಾರಿನಲ್ಲಿ ನಡೆಸುವುದು ನನ್ನ ಕೆಲಸ. ಮೊಣಕಾಲು ನೋವಿಗೆ ಅಂತ ಬಂದ ಒಬ್ಬ ಹೆಂಗಸು ಊರಿನ ಟೆನಿಸ್ ಕ್ಲಬ್ಬಿನ ಮ್ಯಾನೇಜರ್ ಆಗಿದ್ದಳು. "ಚಳಿಗಾಲದಲ್ಲಿ ನಮ್ಮಲ್ಲಿ ಹುಡುಗಿಯರ ಟೂರ್ನಿ ಇದೆ, ಒಬ್ಬರು ಫಿಸಿಯೊ ಕಡಿಮೆ ಇದ್ದಾರೆ, ಬರ್ತೀಯಾ?" ಎಂದಳು. ನನಗೆ ಟೆನಿಸ್ಸಿನಲ್ಲಿ ಅಂಕ ಎಣಿಸುವುದು ಸಹ ಬರುತ್ತಿರಲಿಲ್ಲ. ಹೋದೆ.

ಅಲ್ಲಿ ನನ್ನ ಮೇಲಧಿಕಾರಿ ರೋಸ್ಮೇರಿ. ಎತ್ತರದ ಹೆಂಗಸು, ಬಿಳಿ ಕ್ರಾಪು, ಬಾಯಲ್ಲಿ ಯಾವಾಗಲೂ ಚೂಯಿಂಗ್ ಗಮ್. ಮೊದಲ ದಿನ ನನ್ನ ಸರ್ಟಿಫಿಕೇಟ್ ನೋಡಲಿಲ್ಲ, ಉಗುರು ನೋಡಿದಳು. ಆಮೇಲೆ ನನ್ನ ಬಳೆ ತೆಗೆಸಿದಳು. "ಆಟಗಾರ್ತಿ ನೋವು ಅಂದ್ರೆ ನೋವು. ನಾಟಕವೋ ನಿಜವೋ ಅಂತ ತೀರ್ಮಾನ ಮಾಡೋಕೆ ನಮಗೆ ಸಂಬಳ ಕೊಡಲ್ಲ," ಎಂದಳು. ನಾಟಕ ಮಾಡುವವರೂ ಇದ್ದರು. ಎದುರಾಳಿ ಚೆನ್ನಾಗಿ ಆಡುತ್ತಿದ್ದಾಗ ಅವಳ ಲಯ ಕೆಡಿಸಲು ಬೆನ್ನು ಹಿಡಿದುಕೊಂಡು ಕೂತುಬಿಡುತ್ತಿದ್ದರು. ಅಂಥ ಒಬ್ಬಳ ಬೆನ್ನು ಒತ್ತುತ್ತಾ ನಾನು ಮುಖ ಗಂಟಿಕ್ಕಿಕೊಂಡಿದ್ದನ್ನು ದೂರದಿಂದಲೇ ನೋಡಿದ ರೋಸ್ಮೇರಿ, ಒಳಗೆ ಬಂದ ಮೇಲೆ, "ನಿನ್ನ ಮುಖವನ್ನ ಮನೇಲಿ ಬಿಟ್ಟು ಬಾ," ಎಂದಳು.

ಆ ಟೂರ್ನಿಯಲ್ಲೇ ಲೀವಿಯಾಳನ್ನು ನಾನು ಮೊದಲು ನೋಡಿದ್ದು. ಇಟಲಿಯ ದಕ್ಷಿಣದ ಬಂದರಿನ ಊರಿನವಳು, ಅಪ್ಪ ಬಸ್ ಡ್ರೈವರ್. ಹದಿನಾರು ವರ್ಷ. ಕಡ್ಡಿಯಂಥ ಕಾಲು, ಎರಡು ಕೈಯಲ್ಲಿ ರ‍್ಯಾಕೆಟ್ ಹಿಡಿದು ಬಾರಿಸಿದರೆ ಮಾತ್ರ ಗೋಡೆ ನಡುಗಬೇಕು. ಜೊತೆಗೆ ಅವಳ ಕೋಚ್ ಬ್ರೂನೊ, ಹೊಟ್ಟೆ ಬಂದ ಮೌನಿ. ಇಬ್ಬರ ಇಂಗ್ಲಿಷೂ ಹತ್ತಾರು ಪದಗಳಲ್ಲಿ ಮುಗಿಯುತ್ತಿತ್ತು. ಆಟದ ನಡುವೆ ಬೆನ್ನು ಹಿಡಿದುಕೊಂಡು ನನ್ನನ್ನು ಕರೆಸಿದಳು. "ಕಾಲ್ದೊ! ಕಾಲ್ದೊ!" ಎಂದಳು. ಕೋಲ್ಡ್ ಎನ್ನುತ್ತಿದ್ದಾಳೆ ಅಂದುಕೊಂಡು ಐಸ್ ಚೀಲ ತೆಗೆದು ಬೆನ್ನಿಗೆ ಒತ್ತಿಬಿಟ್ಟೆ. ಅವಳು ಕಿರುಚಿದ ರಭಸಕ್ಕೆ ಪಕ್ಕದ ಕೋರ್ಟಿನವರು ಆಟ ನಿಲ್ಲಿಸಿದರು. ಅವರ ಭಾಷೆಯಲ್ಲಿ ಕಾಲ್ದೊ ಅಂದರೆ ಬಿಸಿ. ಅವಳಿಗೆ ಬೇಕಿದ್ದದ್ದು ಶಾಖ.

ಮೊದಲ ಸುತ್ತಿನಲ್ಲೇ ಸೋತು ಹೊರಟಳು. ಹೋಗುವಾಗ ನನ್ನತ್ತ ಬೆರಳು ತೋರಿಸಿ ಬ್ರೂನೊಗೆ ಏನೋ ಹೇಳಿದಳು, ಆತ ನಕ್ಕ. ಅಂದಿನಿಂದ ನಾನು ಕೆಲಸ ಮಾಡುವ ಕಡೆ ಬರುವ ಆಟಗಾರ್ತಿಯರ ದೇಶ ನೋಡಿಕೊಂಡು, ಬಿಸಿ, ತಣ್ಣಗೆ, ನೋವು, ಇಲ್ಲಿ ಎನ್ನುವ ನಾಲ್ಕು ಮಾತನ್ನಾದರೂ ಕಲಿತುಕೊಂಡೇ ಹೋಗುತ್ತಿದ್ದೆ.

ಕೆಲವು ವರ್ಷಕ್ಕೆ ಇಕ್ಬಾಲ್‌ಗೆ ಮಿಶಿಗನ್ನಿನ ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ನಾನೂ ಅಲ್ಲಿಯ ಒಂದು ಕ್ಲಿನಿಕ್ ಸೇರಿದೆ. ರೋಸ್ಮೇರಿ ಬಿಡಲಿಲ್ಲ. ಡೆಟ್ರಾಯಿಟ್ ಸುತ್ತಮುತ್ತ ಬೇಸಿಗೆಯ ಟೂರ್ನಿ ನಡೆದಾಗಲೆಲ್ಲ ಕರೆಸುತ್ತಿದ್ದಳು. ಸಣ್ಣ ಟೂರ್ನಿಗಳಲ್ಲಿ ಆಟಗಾರರಿಗೆ ಹೋಟೆಲ್ ಇರುವುದಿಲ್ಲ, ಕ್ಲಬ್ಬಿನ ಸದಸ್ಯರು ತಮ್ಮ ಮನೆಗಳಲ್ಲಿ ಇಟ್ಟುಕೊಳ್ಳುತ್ತಾರೆ. ಪಕ್ಕದ ಊರು ನಾರ್ತ್‌ವಿಲ್‌ನ ಜಯಶ್ರೀ ಮಗಳನ್ನು ಟೆನಿಸ್ ಕಲಿಯಲು ಅಂಥ ಒಂದು ಕ್ಲಬ್ಬಿಗೆ ಸೇರಿಸಿದ್ದಳು. ಮೈಸೂರಿನವಳು, ನನಗೆ ಆಗಲೇ ಆಪ್ತ ಗೆಳತಿ. ಆ ಮಗಳೇ ಮೇಘನಾ. ಜಯಶ್ರೀ ಒಂದು ದಿನ ಫೋನ್ ಮಾಡಿ, "ನಸೀಮಾ, ನಮ್ಮನೆಗೆ ಇಟಲಿ ಹುಡುಗಿ ಒಬ್ಳನ್ನ ಹಾಕಿದಾರೆ ಕಣೇ. ಏನು ತಿಂತಾರೆ ಇವ್ರು?" ಎಂದಳು. ಹೆಸರು ಕೇಳಿದೆ. ಲೀವಿಯಾ.

ಮರುದಿನ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಗಲಾಟೆ. ಜಯಶ್ರೀಯ ಅತ್ತೆ ಶಾರದಮ್ಮ ಉಪ್ಪಿಟ್ಟಿಗೆ ಶಾವಿಗೆ ಮುರಿಯುತ್ತಿದ್ದರು. ಲೀವಿಯಾ ಎರಡೂ ಕೈ ತಲೆಯ ಮೇಲಿಟ್ಟುಕೊಂಡು, "ನೋ, ನೋ, ಮುರೀಬಾರ್ದು!" ಅಂತ ಇಂಗ್ಲಿಷಿನಲ್ಲಿ ಅಂಗಲಾಚುತ್ತಿದ್ದಳು. ಅವರ ದೇಶದಲ್ಲಿ ಶಾವಿಗೆಯಂಥ ಪಾಸ್ಟಾ ಮುರಿಯುವುದು ಮಹಾಪರಾಧವಂತೆ. ಶಾರದಮ್ಮ, "ಇದೇನಮ್ಮ ಇವಳು, ಕೋಳಿ ಕುಯ್ದ ಹಾಗೆ ಆಡ್ತಾಳೆ," ಎನ್ನುತ್ತಾ ಮುರಿಯುತ್ತಲೇ ಇದ್ದರು. ಒಗ್ಗರಣೆ ಬಿದ್ದು, ನಿಂಬೆಹಣ್ಣು ಹಿಂಡಿ ತಟ್ಟೆಗೆ ಹಾಕಿಕೊಟ್ಟ ಮೇಲೆ ಮೂಸಿ ನೋಡಿ, ತಿಂದಳು, ಮತ್ತೆ ಹಾಕಿಸಿಕೊಂಡಳು. ಅಷ್ಟರಲ್ಲಿ ನನ್ನ ಗುರುತು ಹತ್ತಿತು. "ಐಸ್!" ಎಂದು ಕೂಗಿ ಎದ್ದು ಬಂದು ತಬ್ಬಿಕೊಂಡಳು.

ಈಗ ಅವಳಿಗೆ ಮಾತಾಡುವಷ್ಟು ಇಂಗ್ಲಿಷ್ ಬಂದಿತ್ತು. ನಮ್ಮಿಬ್ಬರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ವಾರ ಅವಳು ಗೆಲ್ಲುತ್ತಲೇ ಹೋದಳು. ಗೆದ್ದಂತೆಲ್ಲ ಎಡ ಮಣಿಕಟ್ಟನ್ನು ಬೆನ್ನ ಹಿಂದೆ ಇಟ್ಟುಕೊಳ್ಳತೊಡಗಿದಳು. ಬಲಗೈ ಆಟಗಾರ್ತಿ, ಆದರೆ ಎಡಬದಿಗೆ ಬಂದ ಚೆಂಡಿಗೆ ಬ್ಯಾಕ್‌ಹ್ಯಾಂಡ್ ಹೊಡೆಯುವಾಗ ಎರಡೂ ಕೈ ಬಳಸುತ್ತಿದ್ದಳು, ಬಲವೆಲ್ಲ ಎಡಗೈಯಿಂದ. ಸೆಮಿಫೈನಲ್ ದಿನ ಬೆಳಿಗ್ಗೆ ಬಾಗಿಲ ಹಿಡಿ ತಿರುಗಿಸಲಾರದೆ ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ನಮ್ಮ ಕೋಣೆಗೆ ಬಂದಳು. ಕಿರುಬೆರಳ ಕಡೆಯ ಕೀಲು ಊದಿಕೊಂಡಿತ್ತು. ಮುಟ್ಟಿದರೆ ಉಸಿರು ಹಿಡಿಯುತ್ತಿದ್ದಳು.

ಟೂರ್ನಿಯ ಡಾಕ್ಟರು ಬಂದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಇವತ್ತಿನ ಆಟ ಆಡಬಹುದು ಎಂದರು. ಆಗ ಅದು ಎಲ್ಲ ಕಡೆ ನಡೆಯುತ್ತಿದ್ದ ರೂಢಿ. ಅವರು ಎಷ್ಟೋ ಜನರನ್ನು ಹಾಗೆ ಆಡಿಸಿದ್ದರು, ಬಹುತೇಕರಿಗೆ ಏನೂ ಆಗಿರಲಿಲ್ಲ. ನನಗೆ ಮಾತ್ರ ಒಳಗೆ ಹರಿದಿದೆ ಅನಿಸುತ್ತಿತ್ತು. ರೋಸ್ಮೇರಿ ನನ್ನ ಮುಖ ನೋಡಿ, "ಕೈ ಅವಳದ್ದು. ನಿನಗೆ ತಿಳಿದಷ್ಟನ್ನ ಹೇಳು. ತಿಳಿಯದ್ದನ್ನೂ ಹೇಳು," ಎಂದು ಹೊರಗೆ ಹೋದಳು.

"ನೋವು ಕಾಣದೆ ಹೋದ್ರೆ ನೀನು ಪೂರ್ತಿ ಬಲ ಹಾಕಿ ಹೊಡೀತೀಯ," ಎಂದೆ. "ಒಳಗೆ ಹರಿದಿದ್ರೆ ಇನ್ನೂ ಹರೀಬಹುದು. ಹರೀದೇನೂ ಇರಬಹುದು. ಖಚಿತವಾಗಿ ನನಗೆ ಗೊತ್ತಿಲ್ಲ."

"ಇಂಜೆಕ್ಷನ್ ಕೊಡಿಸು."

"ಲೀವಿಯಾ..."

"ಅಪ್ಪ ಈ ಬೇಸಿಗೆವರೆಗೆ ಅಂತ ಹೇಳಿದಾರೆ. ಆಮೇಲೆ ನರ್ಸಿಂಗ್ ಕಾಲೇಜು. ಇವತ್ತು ಗೆದ್ರೆ ನ್ಯೂಯಾರ್ಕಿನ ದೊಡ್ಡ ಟೂರ್ನಿಯ ಅರ್ಹತಾ ಸುತ್ತಿಗೆ ನನಗೆ ಜಾಗ ಇದೆ. ಸೋತ್ರೆ ಇಲ್ಲ." ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನೀನಾಗಿದ್ರೆ ಏನು ಮಾಡ್ತಿದ್ದೆ?"

"ಆಡ್ತಿರಲಿಲ್ಲ."

"ಅದಕ್ಕೇ ನೀನು ಆಟಗಾರ್ತಿ ಅಲ್ಲ."

ಅಲ್ಲಿಯವರೆಗೆ ಕಿಟಕಿಯ ಬಳಿ ನಿಂತಿದ್ದ ಬ್ರೂನೊ ಆಗ ಬಾಯಿಬಿಟ್ಟ. "ನೋವು ಎಡಗೈ ತಾನೆ? ಬಲಗೈ ಇದೆಯಲ್ಲ," ಎಂದ. ಇಂಜೆಕ್ಷನ್ನೂ ಬೇಡ, ಮನೆಗೆ ಹೋಗುವುದೂ ಬೇಡ, ಬ್ಯಾಕ್‌ಹ್ಯಾಂಡನ್ನು ಒಂದೇ ಕೈಯಲ್ಲಿ ಆಡು ಎನ್ನುವುದು ಅವನ ಮಾತು. ಅವಳು ಅವನ ಮೇಲೆ ರೇಗಿದಳು. ಒಂದು ಕೈಯಲ್ಲಿ ಅವಳಿಗೆ ಬರುತ್ತಿದ್ದದ್ದು ಸ್ಲೈಸ್ ಮಾತ್ರ. ಅಂದರೆ ಚೆಂಡಿನ ಅಡಿಯಲ್ಲಿ ರ‍್ಯಾಕೆಟ್ ಜಾರಿಸಿ ಕತ್ತರಿಸಿದಂತೆ ಆಡುವ ಮೆತ್ತಗಿನ ಹೊಡೆತ. ಅದನ್ನು ಅವಳು ಮುದುಕರ ಆಟ ಎನ್ನುತ್ತಿದ್ದಳು. ಇಟಾಲಿಯನ್‌ನಲ್ಲಿ ಇಬ್ಬರೂ ಕೂಗಾಡಿದರು. ಕೊನೆಗೆ ಅವಳು ಎಡಗೈಯನ್ನು ನನ್ನ ಮುಂದೆ ಚಾಚಿ, "ಅಲ್ಲಾಡದ ಹಾಗೆ ಕಟ್ಟು," ಎಂದಳು.

ಮೊದಲ ಸೆಟ್ ನೋಡಲಾಗಲಿಲ್ಲ. ಎದುರಾಳಿ ಅವಳನ್ನು ಮೂಲೆಯಿಂದ ಮೂಲೆಗೆ ಓಡಿಸಿ ಬೇಗ ಮುಗಿಸಿದಳು. ಮಗಳ ಜೊತೆ ನೋಡಲು ಬಂದಿದ್ದ ಜಯಶ್ರೀ ಬೇಲಿಯ ಆಚೆಯಿಂದ, "ನಿಲ್ಸೋಕೆ ಹೇಳೇ, ಪಾಪ," ಎನ್ನುತ್ತಿದ್ದಳು. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ಎದ್ದೆ, ಕೂತೆ, ಕುರ್ಚಿಯನ್ನು ನೆರಳಿಗೆ ಎಳೆದೆ, ಮತ್ತೆ ಬಿಸಿಲಿಗೆ ತಂದೆ.

ಎರಡನೆಯ ಸೆಟ್ಟಿನಲ್ಲಿ ಒಂದು ವಿಚಿತ್ರ ನಡೆಯಿತು. ಲೀವಿಯಾಳ ಸ್ಲೈಸ್ ನೆಲಕ್ಕೆ ಬಿದ್ದ ಮೇಲೆ ಏಳುತ್ತಲೇ ಇರಲಿಲ್ಲ, ಮೀನಿನಂತೆ ಜಾರಿ ಹೋಗುತ್ತಿತ್ತು. ಬಿರುಸಿನ ಚೆಂಡಿಗೆ ಒಗ್ಗಿದ್ದ ಎದುರಾಳಿ ಬಗ್ಗಿ ಬಗ್ಗಿ ಎತ್ತಬೇಕಾಯಿತು. ನೆಟ್ಟಿಗೆ ಹೊಡೆದಳು, ಹೊರಗೆ ಹೊಡೆದಳು, ಅಂಪೈರ್ ಜೊತೆ ಜಗಳ ತೆಗೆದಳು. ಲೀವಿಯಾ ಅದನ್ನು ಗಮನಿಸಿದಳು. ಅವಳ ಹೆಜ್ಜೆ ನಿಧಾನವಾಯಿತು. ಬಡಿಯುವುದನ್ನು ಬಿಟ್ಟು ಎಲ್ಲಿ ಹಾಕಲಿ ಎಂದು ನೋಡಿ ಆಡತೊಡಗಿದಳು. ಮೂರನೆಯ ಸೆಟ್ ಮುಗಿದಾಗ ಅವಳು ಗೆದ್ದಿದ್ದಳು. ಬೇಲಿಯ ಆಚೆ ಮೇಘನಾ ಅಮ್ಮನ ತೋಳು ಹಿಡಿದು ಕುಣಿಯುತ್ತಿದ್ದಳು. ಫೈನಲ್‌ನಲ್ಲಿ ಲೀವಿಯಾ ಸೋತಳು, ಆದರೆ ನ್ಯೂಯಾರ್ಕಿಗೆ ಅದು ಸಾಕಾಗಿತ್ತು. ಅಲ್ಲಿಯೂ ಒಂದೇ ಕೈಯಲ್ಲಿ ಎರಡು ಸುತ್ತು ದಾಟಿ ಸೋತು ಬಂದಳು. ಅಪ್ಪ ಮತ್ತೆ ನರ್ಸಿಂಗ್ ಕಾಲೇಜಿನ ಮಾತೆತ್ತಲಿಲ್ಲವಂತೆ.

ಸ್ಕ್ಯಾನ್ ಮಾಡಿಸಿದಾಗ ಮಣಿಕಟ್ಟಿನ ಒಳಗೆ ನಿಜಕ್ಕೂ ಹರಿದಿದ್ದು ಕಂಡಿತು, ಸ್ವಲ್ಪ. ಆಪರೇಷನ್ ಬೇಡ ಎಂದಾಯಿತು. ಚಳಿ ಶುರುವಾಗುವವರೆಗೆ ಜಯಶ್ರೀ ಮನೆಯಲ್ಲೇ ಇದ್ದು ನಮ್ಮ ಕ್ಲಿನಿಕ್ಕಿಗೆ ಬರುತ್ತಿದ್ದಳು. ಅವಳಷ್ಟು ಚಡಪಡಿಸುವ ರೋಗಿಯನ್ನು ನಾನು ನೋಡಿಲ್ಲ. ಆಗ ನಾವೆಲ್ಲ ಅಲ್ಟ್ರಾಸೌಂಡ್ ಯಂತ್ರ ಹಚ್ಚಿ, ಐಸ್ ಇಟ್ಟು, ವಾರಗಟ್ಟಲೆ ಅಲ್ಲಾಡಿಸಬೇಡ ಎನ್ನುತ್ತಿದ್ದ ಕಾಲ. ಈಗ ಹಾಗಲ್ಲ. ಆದಷ್ಟು ಬೇಗ ಸ್ವಲ್ಪ ಸ್ವಲ್ಪ ಭಾರ ಕೊಟ್ಟು ಅಲ್ಲಾಡಿಸಿಯೇ ಗುಣ ಮಾಡುತ್ತೇವೆ, ಆ ಯಂತ್ರಗಳು ಮೂಲೆ ಸೇರಿವೆ. ಲೀವಿಯಾಗೆ ಅಂದು ನಾನು ಹೇಳಿದ ವಿಶ್ರಾಂತಿಯಲ್ಲಿ ಅರ್ಧದಷ್ಟು ಬೇಕಿರಲಿಲ್ಲ ಎಂದು ಈಗ ಅನಿಸುತ್ತದೆ. ಅವಳಂತೂ ಪಾಲಿಸಲೂ ಇಲ್ಲ. ಎಡಗೈಗೆ ಪಟ್ಟಿ ಕಟ್ಟಿಕೊಂಡು ಬಲಗೈಯಲ್ಲಿ ಜಯಶ್ರೀ ಮನೆಯ ಗ್ಯಾರೇಜ್ ಬಾಗಿಲಿಗೆ ದಿನವಿಡೀ ಸ್ಲೈಸ್ ಹೊಡೆಯುತ್ತಿದ್ದಳು. ಬಡಾವಣೆಯವರು ದೂರು ಹೇಳಿದರು. ಜಯಶ್ರೀಯ ಗಂಡ ರವಿ ಪಕ್ಕದ ಮನೆಯವರ ಹತ್ತಿರ ಕೈಮುಗಿದುಕೊಂಡು ನಿಂತಿದ್ದನ್ನು ನಾನೇ ಕಂಡೆ. ಒಳಗೆ ಬಂದು, "ಇವಳೇನಾದ್ರೂ ಚಾಂಪಿಯನ್ ಆಗ್ಲಿಲ್ಲ ಅಂದ್ರೆ ಈ ಬಾಗಿಲಿಗೆ ಅವಮಾನ," ಎಂದ.

ಕೈ ಗುಣವಾಗಿ ಊರಿಗೆ ಹೋದಳು. ಎರಡು ಕೈಯ ಹೊಡೆತ ವಾಪಸ್ ಬಂತು, ಸ್ಲೈಸ್ ಉಳಿದುಕೊಂಡಿತು. ಮುಂದಿನ ಚೆಂಡು ಬೆಂಕಿಯಂತೆ ಬರುತ್ತದೋ ನೆಲದಲ್ಲಿ ತೆವಳುತ್ತದೋ ಎಂದು ಎದುರಿಗಿದ್ದವರಿಗೆ ತಿಳಿಯುತ್ತಿರಲಿಲ್ಲ. ವಿಶ್ವ ಶ್ರೇಯಾಂಕದಲ್ಲಿ ಒಂದು ವರ್ಷ ನೂರರೊಳಗೆ, ಮರುವರ್ಷ ಐವತ್ತರೊಳಗೆ ಬಂದಳು ಎಂದು ಜಯಶ್ರೀ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು. ಒಮ್ಮೆ, "ಲೀವಿಯಾ ಆಂಕಲ್‌ಗೆ ಏಟಾಗಿದೆಯಂತೆ," ಎಂದು ಜಯಶ್ರೀ ಅವಳ ಪಾದದ ಗಂಟಿನ ವಿಷಯ ನನಗೆ ಹೇಳುತ್ತಿದ್ದರೆ ಹಿಂದಿನಿಂದ ಶಾರದಮ್ಮ, "ಅಯ್ಯೋ, ಅವಳಿಗೆ ಅಂಕಲ್ ಬೇರೆ ಇದಾರಾ?" ಎಂದು ಗಾಬರಿಯಾದದ್ದು ಕೇಳಿಸಿತು.

ಈ ನಡುವೆ ರೋಸ್ಮೇರಿ ನಿವೃತ್ತಳಾಗಿ ಫ್ಲಾರಿಡಾಕ್ಕೆ ಹೋದಳು. ಅವಳ ಜಾಗ ನನಗೆ ಬಂತು. ಹೆಸರು ದೊಡ್ಡದಾಯಿತು, ಕುರ್ಚಿ ಅದೇ.

ಎರಡು ಸಾವಿರದ ದಶಕದ ಕೊನೆಯ ಹೊತ್ತಿಗೆ ಶಿಕಾಗೊ ಹತ್ತಿರ ಒಂದು ಒಳ್ಳೆಯ ಟೂರ್ನಿ. ಪ್ಲಿಮತ್‌ನಿಂದ ನಾನೇ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಆಗಸ್ಟ್ ಬಿಸಿಲು, ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ದಾಟಿತ್ತು. ಸೆಮಿಫೈನಲ್‌ನಲ್ಲಿ ಲೀವಿಯಾ. ಎದುರಿಗೆ ನೆಬ್ರಾಸ್ಕಾದ ಗಟ್ಟಿಮುಟ್ಟು ಹುಡುಗಿ, ಹೆಸರು ಕೇಟಿ. ಗೆದ್ದರೆ ಲೀವಿಯಾ ಮೊದಲ ಬಾರಿ ಇಷ್ಟು ದೊಡ್ಡ ಟೂರ್ನಿಯ ಫೈನಲ್ ಆಡುತ್ತಾಳೆ. ನನ್ನ ಕುರ್ಚಿಯ ಮುಂದೆ ಹಾದುಹೋಗುವಾಗ ಕಣ್ಣು ಮಿಟುಕಿಸಿದಳು. ನಾನು ಚೀಲದ ಜಿಪ್ ನೋಡುತ್ತಾ ಕೂತೆ. ಕೆಲಸದ ಹೊತ್ತಿನಲ್ಲಿ ಯಾರಿಗೂ ಕಣ್ಣು ಮಿಟುಕಿಸುವ ಹಾಗಿಲ್ಲ.

ಲೀವಿಯಾ ಮೊದಲ ಸೆಟ್ ಗೆದ್ದು ಎರಡನೆಯದರಲ್ಲಿ ಗೆಲುವಿಗೆ ಎರಡೇ ಪಾಯಿಂಟ್ ದೂರದಲ್ಲಿದ್ದಳು. ಆಗ ಕೇಟಿ ಒಂದು ಸ್ಲೈಸ್ ಎತ್ತಲು ಮುಂದೆ ನುಗ್ಗಿದಳು, ಪಾದ ಮಗುಚಿತು, ಬಿದ್ದಳು. ಅಂಪೈರ್ ನನ್ನನ್ನು ಕರೆದ.

ಶೂ ಬಿಚ್ಚಿದೆ. ಪಾದದ ಗಂಟಿನ ಹೊರಗಡೆ ಆಗಲೇ ಊತ. ಎಲುಬು ಒತ್ತಿ ನೋಡಿದೆ, ಮುರಿದಿರಲಿಲ್ಲ. ಕೇಟಿ ನನ್ನ ತೋಳು ಹಿಡಿದು, "ಆಡೋಕೆ ಆಗುತ್ತಾ? ಪ್ಲೀಸ್, ಆಗುತ್ತೆ ಅನ್ನು," ಎಂದಳು. ಒಂಟಿಕಾಲಲ್ಲಿ ನಿಲ್ಲಿಸಿದೆ, ನಿಂತಳು. ಕುಪ್ಪಳಿಸು ಎಂದೆ, ತುಟಿ ಕಚ್ಚಿ ಕುಪ್ಪಳಿಸಿದಳು. ಇಂಥ ಪಾದಕ್ಕೆ ಫಿಸಿಯೊ "ಬೇಡ, ಬಿಟ್ಟುಬಿಡು" ಎಂದರೂ ಯಾರೂ ತಪ್ಪೆನ್ನುತ್ತಿರಲಿಲ್ಲ, "ಆಡು" ಎಂದರೂ ತಪ್ಪೆನ್ನುತ್ತಿರಲಿಲ್ಲ. ಆಚೆ ಬದಿಯಲ್ಲಿ ಲೀವಿಯಾ ಚೆಂಡನ್ನು ನೆಲಕ್ಕೆ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ಮೈ ತಣ್ಣಗಾಗದಂತೆ ಜಿಗಿಯುತ್ತಿದ್ದಳು, ಸರ್ವ್ ಹೊಡೆದು ನೋಡುತ್ತಿದ್ದಳು, ಟವೆಲ್ ಎತ್ತುತ್ತಿದ್ದಳು, ಬಿಸಾಡುತ್ತಿದ್ದಳು. ಮೇಲೆ ಕುಳಿತಿದ್ದ ಬ್ರೂನೊ ನನ್ನ ಕೈಯನ್ನೇ ನೋಡುತ್ತಿದ್ದ.

ನಾನು ಟೇಪ್ ಸುತ್ತಿದೆ. ಬೇರೆ ಯಾರಿಗಾದರೂ ಸುತ್ತುವಂತೆಯೇ, ಸುಕ್ಕಿಲ್ಲದೆ, ಬಿಗಿಯಾಗಿ. ಕೈಗೆ ಆ ಕೆಲಸ ಗೊತ್ತಿತ್ತು. "ಹೋಗು," ಎಂದೆ.

ಓಡಲು ಹೆದರಿದ ಕೇಟಿ ಬಂದ ಚೆಂಡನ್ನೆಲ್ಲ ಗೆರೆಯ ಮೇಲೆ ಗುರಿಯಿಟ್ಟು ಬಾರಿಸತೊಡಗಿದಳು. ಹೊಡೆದದ್ದೆಲ್ಲ ಒಳಗೆ ಬಿತ್ತು. ಲೀವಿಯಾಳ ಕೈ ಬಿಗಿಯಿತು. ಆ ಸೆಟ್ ಹೋಯಿತು, ಮುಂದಿನದ್ದೂ ಹೋಯಿತು. ಅವಳು ಕೇಟಿಯ ಕೈ ಕುಲುಕಿ, ಚೀಲ ಹೆಗಲಿಗೇರಿಸಿ, ನನ್ನ ಮುಂದೆಯೇ ನಡೆದು ಹೋದಳು. ನೋಡಲಿಲ್ಲ.

ಹೋಟೆಲಿಗೆ ಬರುವಷ್ಟರಲ್ಲಿ ಜಯಶ್ರೀಯ ಫೋನು. ಟಿವಿಯಲ್ಲಿ ನೋಡಿದ್ದಳು.

"ಅದೇನು ಅಷ್ಟು ಚೆನ್ನಾಗಿ ಕಟ್ಟಿದ್ಯೇ? ಸ್ವಲ್ಪ ಸಡಿಲ ಬಿಟ್ಟಿದ್ರೆ ಏನಾಗ್ತಿತ್ತು? ನಮ್ಮನೆ ಹುಡುಗಿ ಅಲ್ವೇನೆ ಅವಳು?"

"ಸಡಿಲ ಬಿಟ್ಟಿದ್ರೆ ಇನ್ನೊಬ್ಳ ಕಾಲು ಹೋಗ್ತಿತ್ತು ಜಯಶ್ರೀ."

"ಆಡ್ಬೇಡ ಅಂತಾದ್ರೂ ಹೇಳ್ಬಹುದಿತ್ತು."

ಹೇಳಬಹುದಿತ್ತು. ಅವಳು ಫೋನ್ ಇಟ್ಟಳು. ನನಗೆ ಊಟ ಸೇರಲಿಲ್ಲ, ಟಿವಿ ಹಾಕಿದೆ, ಆರಿಸಿದೆ. ಮಾಡಿದ್ದು ಸರಿ ಎಂದು ತಿಳಿದಿದ್ದರೂ ಮನಸ್ಸು ನಿಲ್ಲುವುದಿಲ್ಲ ಮೇಘನಾ. ಈ ಕೆಲಸದಲ್ಲಿ ಅದಕ್ಕೆ ಔಷಧ ನನಗೆ ಸಿಗಲಿಲ್ಲ.

ಆ ಶರತ್ಕಾಲದಲ್ಲೇ ಲೀವಿಯಾ ಯುರೋಪಿನಲ್ಲಿ ದೊಡ್ಡ ಟೂರ್ನಿಯೊಂದನ್ನು ಗೆದ್ದಳು. ಮೊದಲ ಇಪ್ಪತ್ತರೊಳಗೆ ಬಂದಳು, ಅವಳ ಊರಿನ ಬಸ್ಸುಗಳ ಮೇಲೆ ಅವಳ ಚಿತ್ರ ಅಂಟಿಸಿದರು, ಅದರಲ್ಲಿ ಒಂದನ್ನು ಅವಳಪ್ಪನೇ ಓಡಿಸುತ್ತಿದ್ದರಂತೆ. ಅದನ್ನೆಲ್ಲ ಬೇರೆಯವರೂ ಹೇಳುತ್ತಾರೆ. ಬೇರೆ ಯಾರಿಗೂ ಗೊತ್ತಿಲ್ಲದ್ದು ಆ ಸೋಲಿನ ಮರುದಿನ ಬೆಳಗಿನದು.

ಫೈನಲ್‌ಗೆ ಮೊದಲು ಕೋಣೆ ಸಿದ್ಧಮಾಡುತ್ತಿದ್ದೆ. ಬಾಗಿಲು ತೆರೆಯಿತು. ಲೀವಿಯಾ ಒಬ್ಬಳೇ, ಚಪ್ಪಲಿ ಹಾಕಿಕೊಂಡು. ಕಣ್ಣು ಊದಿತ್ತು.

"ಎರಡು ಪಾಯಿಂಟ್ ಅಂತ ನಿನಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತು."

"ನಾನು ನೋಡ್ತಾ ಇದ್ದೆ. ನಿನ್ನ ಕೈ ಒಂದ್ಸಲಾನೂ ತಡೀಲಿಲ್ಲ."

"ಇಲ್ಲ."

"ರಾತ್ರಿಯೆಲ್ಲ ನಿನ್ನ ಬೈದೆ. ಬ್ರೂನೊ ಹತ್ರ, ಅಪ್ಪನ ಹತ್ರ."

"ಬೈಬೇಕಾದ್ದೇ."

ಆಮೇಲೆ ಮೇಜಿನ ಮೇಲೆ ಹತ್ತಿ ಕುಳಿತು, ಬಲಗಾಲಿನ ಚಪ್ಪಲಿ ಕಳಚಿ, ಪಾದವನ್ನು ನನ್ನ ಕಡೆ ಚಾಚಿದಳು. ಹೆಬ್ಬೆರಳ ಕೆಳಗೆ ಬೊಬ್ಬೆ ಒಡೆದು ಹಸಿಯಾಗಿತ್ತು. ಸೆಮಿಫೈನಲ್ ಪೂರ್ತಿ ಅದರ ಮೇಲೆಯೇ ಓಡಿದ್ದಳು, ನನ್ನನ್ನು ಕರೆದಿರಲಿಲ್ಲ.

"ನನಗೇ ಅಂತ ಒಬ್ಬಳು ಫಿಸಿಯೊ ಇದಾಳೆ ಈಗ," ಎಂದಳು. "ಒಳ್ಳೆಯವಳು. ನಾನು ಗೆಲ್ಲಲಿ ಅಂತ ಅವಳಿಗೆ ತುಂಬಾ ಆಸೆ. ಅದಕ್ಕೇ ಅವಳನ್ನ ಕೇಳೋಕೆ ಭಯ. ನಾಳಿದ್ದು ಮುಂದಿನ ಟೂರ್ನಿ ಶುರು, ಆಡಬಹುದಾ ಬೇಡವಾ, ನೀನು ನೋಡಿ ಹೇಳು."

ನಾನು ಕೈ ತೊಳೆದುಕೊಂಡು ಬಂದು ಅವಳ ಎದುರು ಕುಳಿತೆ.